ಹಳೇಬಾವಿಯ ಎರಡನೇ ಹಾಳೆ

ಆಗಸ್ಟ್ 4, 2025, ಸೋಮವಾರ. ಸಿಂಧನೂರು

ಸರಕಾರ ಕೊಡುತ್ತೇವೆ ಎಂದದ್ದು: ನಮ್ಮ ಕೇರಿ ಹಳೇಬಾವಿಯ ಅರವತ್ತೆರಡು ಮನೆಗಳಿಗೆ ಹಕ್ಕುಪತ್ರ. ನಳ. ಚರಂಡಿ. ಸ್ಮಶಾನಕ್ಕೆ ದಾರಿ.

ಕೊಡದೇ ಇದ್ದದ್ದು: ಹಕ್ಕುಪತ್ರ. ನಳ ನೆಟ್ಟರು, ನೀರು ಬಿಡಲಿಲ್ಲ. ಚರಂಡಿಗೆ ಸುಣ್ಣದ ಗೆರೆ ಎಳೆದರು, ಮೊದಲ ಮಳೆಗೆ ಗೆರೆ ಹೋಯಿತು. ಹೆಣ ಇವತ್ತಿಗೂ ಕಾಲುವೆ ಏರಿಯ ಮೇಲೇ ಹೋಗುತ್ತದೆ.

ಕೊಟ್ಟದ್ದು: ನೋಟಿಸು. ಸರ್ವೆ ನಂಬರ್ 87 ಸರಕಾರಿ ಗಾಯರಾಣವಂತೆ, ದನ ಮೇಯುವ ನೆಲವಂತೆ, ನಾವು ಅತಿಕ್ರಮಣದಾರರಂತೆ. ಅಲ್ಲಿ ಆಹಾರ ಇಲಾಖೆಯ ಗೋದಾಮು ಬರುತ್ತದಂತೆ. ಭತ್ತಕ್ಕೆ ಮನೆ ಕಟ್ಟಲು ಭತ್ತ ನಾಟಿ ಮಾಡುವವರ ಮನೆ ಕೆಡವಬೇಕು. ಇದು ಅವರ ಲೆಕ್ಕ.

ಸೆಪ್ಟೆಂಬರ್ 24ಕ್ಕೆ ಲಿಂಗಸುಗೂರಿನಲ್ಲಿ ಸಹಾಯಕ ಆಯುಕ್ತರ ಮುಂದೆ ವಿಚಾರಣೆ. ಅಷ್ಟರೊಳಗೆ, ನಮ್ಮನ್ನು ಅಲ್ಲಿ ಕೂರಿಸಿದ್ದು ಸರಕಾರವೇ ಎಂದು ತೋರಿಸುವ ಸರಕಾರದ್ದೇ ಕಾಗದ ಬೇಕು. ಸಿಗದಿದ್ದರೆ ಜೆಸಿಬಿ.

ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಆಫೀಸಿನಲ್ಲಿ ಸಭೆ. ಹೋರಾಟ ಸಮಿತಿಯ ಅಧ್ಯಕ್ಷ ಅಮರಗುಂಡಪ್ಪಣ್ಣ ಗೊರೇಬಾಳದ ರೈತ. ನಮ್ಮ ಕೇರಿಯವನಲ್ಲ, ಆದರೆ ನಮ್ಮ ಕೇರಿಗಾಗಿ ಮೂರು ಸಲ ಜೈಲು ಕಂಡವನು. ಹೇಳಿದ: “ಕರೆಮ್ಮಾ, ನೀ ಇತಿಹಾಸದಾಗ ಎಂ.ಎ. ಮಾಡಿದಾಕಿ. ಕಾಲೇಜಿನಾಗ ಅತಿಥಿ ಲೆಕ್ಚರರ್ ಅಂತ ಕುಂತು ಕುಂತು ಅರ್ಧ ಆಯುಷ್ಯ ಹೋತು. ಮನೆಮಂದಿಗೊಂದು ಕಾಗದ ಹುಡುಕಿಕೊಡು ನೋಡೋಣು.” ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿ.

ಸರಕಾರಿ ಕಾಗದದ ಮೇಲೆ ನನಗೆ ಗೌರವವಿಲ್ಲ. ಊರು ಅಳೆದು ಕೇರಿ ಬಿಟ್ಟವರು ಬರೆದದ್ದು ಅದು. ಆದರೆ ಮುಳ್ಳು ತೆಗೆಯಲು ಮುಳ್ಳೇ ಬೇಕು. ಮುಳ್ಳಿನ ಕುಲಗೋತ್ರ ಕೇಳುವುದಿಲ್ಲ.

ಆಗಸ್ಟ್ 7, ಗುರುವಾರ. ಲಿಂಗಸುಗೂರು, ಮಸ್ಕಿ

ಸಹಾಯಕ ಆಯುಕ್ತರ ಕಚೇರಿಯ ದಾಖಲೆ ಕೋಣೆ. ಕೆಂಪು ಬಟ್ಟೆಯ ಗಂಟುಗಳು ಚಾವಣಿ ಮುಟ್ಟಿವೆ. ಗುಮಾಸ್ತನ ಹೆಸರು ಗುರುಬಸವ. ಹರೆಯದವನು.

“ಫೈಲ್ ನಂಬರ್ ಹೇಳ್ರಿ ಮೇಡಮ್ಮರ.”

“ನಂಬರ್ ಗೊತ್ತಿಲ್ರಿ. ಫೈಲ್ ನೋಡಿದ್ರ ಗೊತ್ತಾಗತೈತಿ.”

“ನಂಬರ್ ಇಲ್ಲದ ಫೈಲ್ ತೋರಸಾಕ ಬರಂಗಿಲ್ರಿ.”

“ಫೈಲ್ ನೋಡಲಾರದ ನಂಬರ್ ಎಲ್ಲಿಂದ ತರ್ಲಿ? ನಮ್ಮಪ್ಪ ಪೆಟಿಗ್ಯಾಗ ಇಟ್ಟು ಹೋಗ್ಯಾನೇನು?”

ಕೂಗಿದೆ. ನನಗೆ ಕೂಗಲು ಬರುತ್ತದೆ, ಬೀದಿಯಲ್ಲಿ ಕಲಿತದ್ದು. ಅವನು ಪೆನ್ನಿನ ಮುಚ್ಚಳ ಹಾಕಿ, “ಜೋರು ಮಾಡಿದ್ರ ಇಲಿ ಓಡತಾವ್ರಿ, ಫೈಲ್ ಎದ್ದು ಬರಂಗಿಲ್ಲ” ಎಂದ.

ಆಗ ಜಾವಕ ಪುಸ್ತಕ ಕೇಳಿದೆ. ಮಾಹಿತಿ ಹಕ್ಕಿನ ಹೋರಾಟದಲ್ಲಿ ಕಲಿತ ಪಾಠವಿದು: ಫೈಲು ಕಳೆಯಬಹುದು, ಕಚೇರಿಯಿಂದ ಹೊರಬಿದ್ದ ಪತ್ರ ಮಾತ್ರ ಜಾವಕದಲ್ಲಿ ಒಂದು ಸಾಲಾದರೂ ಬಿಟ್ಟು ಹೋಗಿರುತ್ತದೆ. ದಿನಾಂಕ, ಊರು, ನಂಬರು. ಆ ನಂಬರು ಹಿಡಿದರೆ ಗಂಟು ಯಾವುದೆಂದು ಸಿಗುತ್ತದೆ.

ಪುಸ್ತಕ ಬಂತು. ತೆರೆದೆ. ಪೂರ್ತಿ ಉರ್ದು.

“ಐವತ್ತಾರರ ಹಿಂದಿಂದೆಲ್ಲಾ, ಹೈದರಾಬಾದ್ ರಾಜ್ಯದ್ದು, ಹಂಗ ಐತ್ರಿ,” ಎಂದ ಗುರುಬಸವ. ಅವನ ಮುಖದಲ್ಲಿ ನಗೆಯೂ ಇರಲಿಲ್ಲ, ಮರುಕವೂ ಇರಲಿಲ್ಲ.

ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದೆ. ಹಾಸ್ಟೆಲಿನ ಕಾಲದ ಗೆಳತಿ ಕಹಕಶಾ ಅಲ್ಲಿ ಹೈಸ್ಕೂಲಿನ ಉರ್ದು ಟೀಚರು. ಕೇಳಿ ಹೊಟ್ಟೆ ಹಿಡಿದು ನಕ್ಕಳು.

“ಅಶೋಕನ ಕಲ್ಲು ಓದಾಕ ಬರತೈತಿ, ನಿಮ್ಮ ಮುತ್ಯಾನ ಕಾಲದ ಕಾಗದ ಓದಾಕ ಬರಂಗಿಲ್ಲ. ಎಂಥಾ ಎಂ.ಎ. ಬೇ ನಿಂದು?”

“ಕಲಿಸಿದವರನ್ನ ಕೇಳು.”

“ನೀ ಕಲಸಾಕಿ ಅಲ್ಲೇನು ಈಗ?”

ಜೊತೆಗೆ ಬಾ ಎಂದೆ. ಅವಳಿಗೆ ರಜೆ ಸಿಗುವುದಿಲ್ಲ. ಒಂದು ಚೀಟಿಯಲ್ಲಿ ‘ಹಳೇಬಾವಿ’ ಎಂದು ಉರ್ದುವಿನಲ್ಲಿ ಬರೆದುಕೊಟ್ಟಳು, ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ. “ಓದಬ್ಯಾಡ. ಚಿತ್ರ ಅಂತ ತಿಳ್ಕೋ. ಅಕ್ಕಿಯೊಳಗ ನುಚ್ಚು ಆರಿಸಿದಂಗ ಆರಿಸ್ಕೊಂತ ಹೋಗು.”

ಆಗಸ್ಟ್ 13

ಇಲ್ಲ. ಕಣ್ಣು ಉರಿ. ಉರ್ದು ಸಾಲುಗಳು ಕನಸಿನಲ್ಲೂ ಬಲದಿಂದ ಎಡಕ್ಕೆ ಓಡುತ್ತವೆ.

ಆಗಸ್ಟ್ 20, ಬುಧವಾರ

ಸಿಕ್ಕಿತು!

ಚೀಟಿಯಲ್ಲಿದ್ದ ಚಿತ್ರವೇ ಜಾವಕದ ಒಂದು ಸಾಲಿನಲ್ಲಿ ಕೂತಿತ್ತು. ಪಕ್ಕದಲ್ಲಿ 87. ನಾನು ಚೀರಿದ್ದಕ್ಕೆ ಗುರುಬಸವ ಹಾವು ಬಂತೆಂದು ಕುರ್ಚಿ ಹತ್ತಿದ. ನಂಬರು ಹಿಡಿದು ಇಬ್ಬರೂ ಗಂಟು ಇಳಿಸಿದೆವು. ಒಳಗೆ ಎರಡು ಹಾಳೆಯ ಹುಕುಂ, ಮೊಹರು ಬಿದ್ದದ್ದು. ಮೊದಲ ಹಾಳೆಯಲ್ಲಿ ಊರ ಹೆಸರು, 87, ಮೇಲೆ ಇಸವಿ: 1358. ಎರಡನೇ ಹಾಳೆ ಕಿಕ್ಕಿರಿದು ಬರೆದದ್ದು, ಅಂಕಿ ಬಿಟ್ಟು ನನಗೇನೂ ತಿಳಿಯಲಿಲ್ಲ. ಫೋಟೋ ತೆಗೆಯಲು ಬಿಡಲಿಲ್ಲ. ದೃಢೀಕೃತ ನಕಲಿಗೆ ಅರ್ಜಿ ಕೊಟ್ಟೆ.

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹಿಜರಿ 1358 ಎಂದು ಹಾಕಿದೆ. ಇಸವಿ 1939!

1939. ಸ್ವಾತಂತ್ರ್ಯಕ್ಕಿಂತ ಮೊದಲು. ಕಾಲುವೆಗಿಂತ ಮೊದಲು. ಇವರ ಇಲಾಖೆ ಹುಟ್ಟುವುದಕ್ಕಿಂತ ಮೊದಲು ನಾವು ಹುಕುಂ ಹಿಡಿದು ಕೂತವರು. ಈಗ ಬರಲಿ ಜೆಸಿಬಿ, ನೋಡುತ್ತೇನೆ.

ಆಗಸ್ಟ್ 23, ಶನಿವಾರ. ಸಿಂಧನೂರು

ಪತ್ರಿಕಾಗೋಷ್ಠಿ. ಎರಡು ಸಾವಿರ ಕರಪತ್ರ ಅಚ್ಚಾಯಿತು: ‘1939ರಿಂದ ಈ ನೆಲ ನಮ್ಮದು. ಮಾದಿಗರ ಬೆವರಿಗೆ ನಿಜಾಮನೇ ಸಾಕ್ಷಿ’. ಒಕ್ಕಣೆ ನನ್ನದು. ಅಮರಗುಂಡಪ್ಪಣ್ಣ ಮೈಕಿನಲ್ಲಿ, “ನಮ್ಮ ಹುಡುಗಿ ನಿಜಾಮನ ಗೋರಿ ಅಗದು ಸಾಕ್ಷಿ ತಂದಾಳ” ಎಂದ. ಚಪ್ಪಾಳೆ. ಬಜಾರಿನ ಅಂಗಡಿಯವರು, ಗೊರೇಬಾಳದ ರೈತರು, ಎಲ್ಲರೂ ಬೆಂಬಲಕ್ಕೆ ನಿಂತರು.

ಸಂಜೆ ಕೇರಿಯಲ್ಲಿ ಕರಪತ್ರ ಹಂಚುವಾಗ ದಾವಲ್‌ಬೀ ಅಂಗಳದಿಂದ ಕರೆದಳು. ನಮ್ಮಲ್ಲಿ ಉಳಿದ ಎರಡೇ ಮುಸ್ಲಿಂ ಮನೆಗಳಲ್ಲಿ ಒಂದು ಅವಳದು. ಎಂಬತ್ತು ದಾಟಿದೆ. ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು, “ಯವ್ವಾ, ಆ ಕಾಗದದಾಗ ಯಾರ್ಯಾರ ಹೆಸರು ಅದಾವ?”

“ಹೆಸರು ಯಾಕ ಬೇಕಮ್ಮಾ? ಇಸ್ವಿ ಸಾಕು. ಇಸ್ವಿನ ಗೆಲ್ಲಸತೈತಿ.”

ಮತ್ತೆ ಏನೋ ಕೇಳುವವಳಿದ್ದಳು. ನನಗೆ ಇನ್ನೂ ನಲವತ್ತು ಮನೆ ಇತ್ತು. ಮುದುಕರಿಗೆ ಎಲ್ಲದರಲ್ಲೂ ಹೆಸರಿನ ಚಿಂತೆ.

ಆಗಸ್ಟ್ 31, ಭಾನುವಾರ. ಮಸ್ಕಿ

ನಿನ್ನೆ ನಕಲು ಕೈಗೆ ಬಂತು. ಇವತ್ತು ಕಹಕಶಾಳ ಮನೆಗೆ ಒಯ್ದೆ, ಕರಪತ್ರವನ್ನೂ. ಓದಿ ಕನ್ನಡದಲ್ಲಿ ಬರೆದುಕೊಡಲಿ, ವಿಚಾರಣೆಗೆ ಲಗತ್ತಿಸೋಣ ಎಂದು.

ಮೊದಲ ಸಾಲಿಗೇ ನಿಂತಳು.

“1939 ಅಂತ ಯಾರು ಅಂದ್ರು?”

“1358 ಹಿಜರಿ. ಮೊಬೈಲಿನಾಗ ಐತಿ.”

“ಹಿಜರಿ ಆಗಿದ್ರ ರಜಬ್, ಶಾಬಾನ್, ಇಂಥಾ ತಿಂಗಳು ಇರತಿತ್ತು. ಇಲ್ಲಿ ನೋಡು, ಇಸ್ಫಂದಾರ್, ನಮ್ಮ ಜನವರಿ. ಇದು ಫಸಲಿ, ಬೇ. ನಿಜಾಮನ ಕಚೇರಿ ಕಂದಾಯ ನಡಸತಿದ್ದುದು ಬೆಳಿ ಲೆಕ್ಕದ ಫಸಲಿ ವರ್ಷದಾಗ, ನಮಾಜಿನ ಲೆಕ್ಕದಾಗಲ್ಲ. ಮುಸ್ಲಿಂ ರಾಜಾ ಅಂದ ಕೂಡಲೇ ಹಿಜರಿ ಅಂತ ಬರದುಬಿಟ್ಟಿ. ಐದುನೂರ ತೊಂಬತ್ತು ಕೂಡಿಸು. ಹೊಸಾ ವರ್ಷ ದಾಟಿದ್ರ ಇನ್ನೊಂದು.”

ಕೂಡಿಸಿದೆ. ಜನವರಿ 1949.

ಎರಡು ಸಾವಿರ ಕರಪತ್ರ. ಊರೆಲ್ಲ ಹಂಚಿ ಆಗಿದೆ.

“ಇರಲಿ, ಮುಂದ ಓದು,” ಎಂದೆ. ಓದಿದಳು. ಸರ್ವೆ ನಂಬರ್ 87ರಲ್ಲಿ ಕೆಳಗೆ ಬರೆದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಸರಕಾರ ಜಾಗ ಕೊಟ್ಟಿದೆ. ಅಲ್ಲಿ ಮೊದಲೇ ಇರುವ ಮಾದಿಗರ ಏಳು ಗುಡಿಸಲುಗಳನ್ನು ಯಾರೂ ಕದಲಿಸಕೂಡದು. ಬಾವಿ ಎರಡೂ ಕಡೆಯವರಿಗೆ ಸೇರಿದ್ದು.

ಇದೇ ಬೇಕಿತ್ತು ನನಗೆ. ವರ್ಷ ಯಾವುದಾದರೇನು, ‘ಕದಲಿಸಕೂಡದು’ ಎಂದು ಸರಕಾರವೇ ಬರೆದಿದೆ. ಎದ್ದು ಕುಣಿಯುವುದೊಂದು ಬಾಕಿ.

ಕಹಕಶಾ ಎರಡನೇ ಹಾಳೆ ತೆಗೆದಳು. ಗಟ್ಟಿಯಾಗಿ ಓದುತ್ತಿದ್ದವಳ ದನಿ ಇಳಿಯುತ್ತ ಹೋಯಿತು. ಹನ್ನೊಂದು ಹೆಸರು. ಎಲ್ಲ ಹೆಂಗಸರು. ಪ್ರತಿ ಹೆಸರಿನ ಮುಂದೆ ‘ಬೇವಾ’, ವಿಧವೆ. ಗಂಡನ ಹೆಸರಿನ ಮುಂದೆ ‘ಮರ್ಹೂಮ್’, ತೀರಿಕೊಂಡವನು. ಮಕ್ಕಳೆಷ್ಟು ಎಂಬ ಅಂಕಿ. ಕೆಳಗೆ ಕಾರಣ: ಕಳೆದ ಆಬಾನ್ ತಿಂಗಳ ಗಲಭೆಯಲ್ಲಿ ಇವರ ಗಂಡಸರು ಕೊಲೆಯಾಗಿ ಮನೆಗಳು ಸುಟ್ಟಿರುವುದರಿಂದ.

“ಆಬಾನ್ ಅಂದ್ರ ಯಾವಾಗ?”

“ಸೆಪ್ಟೆಂಬರ್, ಅಕ್ಟೋಬರಿನ ಮೊದಲನೇ ವಾರತನಾ.” ಹಾಳೆ ಕೆಳಗಿಟ್ಟಳು. “ನಲವತ್ತೆಂಟರ ಸೆಪ್ಟೆಂಬರ್. ಹೈದರಾಬಾದಿಗೆ ಭಾರತದ ಮಿಲಿಟರಿ ಬಂತಲ್ಲ, ಅದರ ಬೆನ್ನಿಗೆ. ನಮ್ಮ ಮನ್ಯಾಗ ಈ ಮಾತು ಆಡಂಗಿಲ್ಲ ಕರೆಮ್ಮಾ. ನಮ್ಮ ದಾದಿ, ಅಪ್ಪನ ಅವ್ವ, ಒಂದ ಮಾತು ಅಂತಿದ್ಲು, ‘ಚುಪ್ ರಹೋ, ಜೀನಾ ಹೈ’. ಸುಮ್ಮನಿರ್ರಿ, ಬದುಕಬೇಕಾಗೈತಿ.”

ಕನ್ನಡ ಮಾಡಿ ಬರೆದುಕೊಟ್ಟಳು. ಹನ್ನೊಂದು ಹೆಸರನ್ನೂ ಬಿಡದೆ, ನಿಧಾನವಾಗಿ. ಚಹಾ ಆರಿತು, ಯಾರೂ ಕುಡಿಯಲಿಲ್ಲ.

ಸೆಪ್ಟೆಂಬರ್ 3, ಬುಧವಾರ. ಸಿಂಧನೂರು

ಅಮರಗುಂಡಪ್ಪಣ್ಣನಿಗೆ ಎಲ್ಲ ಹೇಳಿದೆ. ಬೀಡಿ ಹಚ್ಚಿ, ಬಾಗಿಲು ಹಾಕಿಬಾ ಎಂದ.

“ಫಸಲಿ ಗಿಸಲಿ ಯಾವನಿಗೆ ಗೊತ್ತು? ಹತ್ತು ವರ್ಷ ಹಿಂದ ಮುಂದ ಆದ್ರ ಮುಗಲು ಹರಕೊಂಡು ಬೀಳತೈತೇನು? ಮೊದಲನೇ ಹಾಳಿ ಹಚ್ಚು. ಎರಡನೇದು ಮನ್ಯಾಗ ಇಡು.”

“ಅದ ಹುಕುಮಿನ ಅರ್ಧ ಅಣ್ಣಾ ಅದು.”

“ತಂಗಿ, ನಾ ಹೇಳೂದು ಕೇಳು. ಬಜಾರಿನವರು, ನಮ್ಮ ಊರಿನ ರೈತರು ನಮ್ಮ ಬೆನ್ನಿಗಿದ್ದಾರ. ‘ನಿಮ್ಮ ಹಿರೇರು ಕೊಂದವರ ಹೆಂಡಂದಿರಿಗೆ ಕೊಟ್ಟ ಜಾಗ’ ಅಂತ ನೀ ಕೋರ್ಟಿನಾಗ ಓದಿದ್ರ ನಾಳೆ ಒಬ್ಬನೂ ಬರಂಗಿಲ್ಲ. ಮ್ಯಾಲ, ‘ಹಂಗಾರ ಇದು ಸಾಬರ ಜಾಗ, ಮಾದಿಗರದಲ್ಲ’ ಅಂತಾರ. ಎರಡೂ ಕಡೆ ಸಾಯ್ತೀರಿ.” ಬೀಡಿ ಆರಿತ್ತು. ಮತ್ತೆ ಹಚ್ಚಲಿಲ್ಲ. “ಅದಕ್ಕಿಂತ ಮೊದಲ ನಿಜಾಮನ ಕಡೆ ರಜಾಕಾರರು ನಮ್ಮ ಮುತ್ಯಾನ ಹಗೇವಿನ ಕಾಳು ದೋಚಿದ್ರು, ಅವನ ಕಾಲು ಮುರದ್ರು. ಸಾಯೂತನಾ ಕುಂಟಿದ. ಅದನ್ನ ಯಾವ ಹಾಳ್ಯಾಗ ಬರದಾರ? ಹೇಳು.”

ಜಗಳ ಮಾಡುವ ತಯಾರಿಯಲ್ಲಿ ಹೋದವಳು ಹಾಳೆ ಮಡಚಿಕೊಂಡು ಎದ್ದು ಬಂದೆ.

ಅವನ ಮಾತಿನಲ್ಲಿ ಲೆಕ್ಕವಿದೆ. ಅರವತ್ತೆರಡು ಮನೆ ಉಳಿಯುವುದು ಮುಖ್ಯ. ಸತ್ತವರಿಗೆ ನ್ಯಾಯ ಆಮೇಲೂ ಕೊಡಬಹುದು. ಮೊದಲನೇ ಹಾಳೆ ಮಾತ್ರ ಲಗತ್ತಿಸುವುದು ಎಂದು ತೀರ್ಮಾನ.

ಸೆಪ್ಟೆಂಬರ್ 4

ಎರಡನೇ ಹಾಳೆಯನ್ನು ಪುಸ್ತಕಗಳ ಅಡಿಯಲ್ಲಿಟ್ಟೆ. ತೆಗೆದೆ. ಮತ್ತೆ ಇಟ್ಟೆ.

ಸೆಪ್ಟೆಂಬರ್ 7, ಭಾನುವಾರ. ಹಳೇಬಾವಿ

ಅರ್ಜಿಗೆ ಮನೆಮನೆಯ ಹೆಬ್ಬೆಟ್ಟು ತೆಗೆದುಕೊಳ್ಳಲು ಹೋದೆ. ದಾವಲ್‌ಬೀ ಹೆಬ್ಬೆಟ್ಟು ಒತ್ತಲು ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡಳು.

“ಹೆಸರು ಹೇಳಲೇ ಇಲ್ಲ ನೀ.”

ಹೇಗೆ ಹೇಳಿದೆನೋ ತಿಳಿಯದು. ಬಾಯಿಪಾಠವಾಗಿಬಿಟ್ಟಿದ್ದವು. ಮೂರನೇ ಹೆಸರು ರಾಜಾಬೀ ಎಂದೆ. ಅವಳು ಕಣ್ಣು ಮುಚ್ಚಿದಳು.

“ನಮ್ಮವ್ವ.”

ಆಮೇಲೆ ಉಳಿದ ಹೆಸರುಗಳನ್ನು ನನಗಿಂತ ಮೊದಲೇ ಅವಳು ಹೇಳುತ್ತ ಹೋದಳು. ಯಾರ ಮಕ್ಕಳು ಹಟ್ಟಿ ಗಣಿ ಸೇರಿದರು, ಯಾರು ರಾಯಚೂರಿನ ಕಡೆ ಹೋದರು, ಎಲ್ಲ. ಕೊನೆಗೆ ಬೆರಳು ಮಡಚಿ ನಿಲ್ಲಿಸಿದಳು. “ಹನ್ನೊಂದಲ್ಲವ್ವಾ. ಹನ್ನೆರಡು. ಪಿಂಜಾರರ ಸೊಸಿ ಒಬ್ಬಾಕಿ ಇದ್ಲು. ದಿನಾ ತುಂಬಿದಾಕಿ. ಹುಕುಂ ಬರೂದ್ರಾಗ ಕೂಸಿನ ಜೋಡಿ ಹೋದ್ಲು. ಬದುಕಿದ್ದವರಿಗೆ ಮಾತ್ರ ಹೆಸರು ಬರಕೊಂಡು ಹೋದ್ರು.”

“ನೀವು ಈ ಕೇರಿಗೇ ಯಾಕ ಬಂದ್ರಿ ಅಮ್ಮಾ?” ಹೀಗೆ ಯಾಕೆ ಕೇಳಿದೆನೋ. ಅರ್ಜಿಗೆ ಇದು ಬೇಕಿರಲಿಲ್ಲ.

“ಬ್ಯಾರೆ ಎಲ್ಲಿ ಹೋಗಬೇಕಿತ್ತು? ಊರಾಗಿನ ಮಂದಿ ಮಾದಿಗರ ಕೇರ್‍ಯಾಗ ಕಾಲಿಡಂಗಿಲ್ಲಲ್ಲ. ಮೈಲಿಗಿ. ನಿನ್ನ ಮುತ್ತಜ್ಜಿ ನಮ್ಮವ್ವನ್ನ, ನನ್ನ, ಚರ್ಮಾ ಹದಾ ಮಾಡೂ ಗುಡಿಸಲದಾಗ ಹೊಗಸಿದ್ಲು. ಮ್ಯಾಲ ಹಸಿ ತೊಗಲು ಹಾಕಿದ್ಲು. ಕೊಡ್ಲಿ ಹಿಡಕೊಂಡು ಬಂದವರು ಬೇಲಿತನಾ ಬಂದ್ರು, ಮೂಗು ಮುಚಗೊಂಡು ನಿಂತ್ರು. ದಾಟಲಿಲ್ಲ. ನಿನ್ನ ಮುತ್ತಜ್ಜಿ ಬಾಗಲದಾಗ ಕುಂತು ಒದರಿದ್ಲು, ‘ಬರ್ರೀ ಯಪ್ಪಾ, ಮುಟ್ರಿ ನನ್ನ, ಮುಟ್ಟಿ ಒಳಗ ಹೋಗ್ರಿ’ ಅಂತ. ಯಾರೂ ಮುಟ್ಟಲಿಲ್ಲ.”

ಸೆರಗು ಸರಿಮಾಡಿಕೊಂಡು, “ಆ ವಾಸನಿ ಅಂದ್ರ ನನಗ ಜೀವ,” ಎಂದಳು.

ನನ್ನ ಮುತ್ತಜ್ಜಿಯ ಹೆಸರೇನು ಎಂದು ಕೇಳಿದೆ. ನನಗೆ ಗೊತ್ತಿರಲಿಲ್ಲ. “ವೀರಭದ್ರಮ್ಮ ಅಂತ ಇಟ್ಟಿದ್ರು. ದೇವರ ಹೆಸರು ಮಾದಿಗರಿಗೆ ಯಾಕ ಅಂತ ಗೌಡರು ‘ಭದ್ರಿ’ ಮಾಡಿದ್ರು. ನಮ್ಮವ್ವ ಮಾತ್ರ ಪೂರ್ತಿ ಹೆಸರು ಹಿಡದು ಕರೀತಿದ್ಲು.”

ಆಮೇಲೆ ನನ್ನ ಮುಂಗೈ ಹಿಡಿದಳು. “ಕೋರ್ಟಿನಾಗ ಆ ಹೆಸರು ಓದಬ್ಯಾಡ ಮಗಳೇ. ಓದೂದಿದ್ರ ನಾ ಸತ್ತ ಮ್ಯಾಲ ಓದು. ನನ್ನ ಮೊಮ್ಮಗ ಅಜೀಮ್ ಆಟೋ ಹೊಡೀತಾನ, ಬಜಾರಿನಾಗ ನಾಕು ಮಂದಿ ಹತ್ತಬೇಕು.”

ಓದುವುದಿಲ್ಲ ಎಂದೆ. ಹೆಬ್ಬೆಟ್ಟು ಕೇಳುವುದನ್ನೇ ಮರೆತು ಬಂದೆ.

ಸೆಪ್ಟೆಂಬರ್ 8

ಅಸ್ಪೃಶ್ಯತೆಯ ಮೇಲೆ ಹದಿನೈದು ವರ್ಷದಿಂದ ಭಾಷಣ ಮಾಡುತ್ತಿದ್ದೇನೆ. ನಿನ್ನೆ ಕೇಳಿದ್ದನ್ನು ಯಾವ ಭಾಷಣದಲ್ಲಿ ಎಲ್ಲಿ ಇಡಲಿ?

ಏನೂ ಬರೆಯಲಾಗುತ್ತಿಲ್ಲ.

ಸೆಪ್ಟೆಂಬರ್ 15, ಸೋಮವಾರ

ನಮ್ಮ ಅರ್ಜಿಗೆ ಇಲಾಖೆಯ ಲಿಖಿತ ಉತ್ತರ ಬಂತು. ಜೊತೆಗೆ ನಮ್ಮದೇ ಕರಪತ್ರದ ಪ್ರತಿ. ‘1939ರಲ್ಲಿ ಸರಕಾರ ಜಾಗ ಕೊಟ್ಟಿತೆಂಬುದು ಸುಳ್ಳು. ಅದರ ನಂತರದ ಮೋಜಣಿಯಲ್ಲೂ ಸದರಿ ಜಮೀನು ಖಾಲಿ ಗಾಯರಾಣ. ಅರ್ಜಿದಾರರ ಹುಕುಂ ಸೃಷ್ಟಿಸಿದ ದಾಖಲೆ ಎಂದು ಶಂಕಿಸಬೇಕಾಗುತ್ತದೆ.’

ನನ್ನ ಒಕ್ಕಣೆ ನನ್ನ ಕುತ್ತಿಗೆಗೇ ಬಂತು. ಆ ಇಸವಿಗೆ ಅಂಟಿಕೊಂಡರೆ ಹುಕುಮೇ ಖೋಟಾ. ಸರಿ ಇಸವಿ ಹೇಳಿದರೆ ‘ಆ ವರ್ಷ ಯಾಕೆ ಕೊಟ್ಟರು’ ಎಂದು ಕೇಳುತ್ತಾರೆ. ಯಾಕೆ ಎನ್ನುವುದು ಎರಡನೇ ಹಾಳೆಯಲ್ಲಿದೆ. ಅದನ್ನು ಓದುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೇನೆ.

ಅಮರಗುಂಡಪ್ಪಣ್ಣ ಫೋನಿನಲ್ಲಿ, “ಓದಿಬಿಡು, ಮುದುಕಿಗೆ ಏನ್ ತಿಳೀತೈತಿ” ಎಂದ. ಮೊದಲು ಬೇಡ ಎಂದವನೂ ಇವನೇ.

“ತಿಳೀತೈತಿ ಅಣ್ಣಾ,” ಎಂದು ಇಟ್ಟೆ.

ಸೆಪ್ಟೆಂಬರ್ 17, ಬುಧವಾರ. ಹಳೇಬಾವಿ

ನಿಜಾಮನ ಆಳ್ವಿಕೆಯಿಂದ ವಿಮೋಚನೆಯ ದಿನ. ಕೇರಿಯ ಕಟ್ಟೆಯ ಮುಂದೆ ಸಮಿತಿಯಿಂದ ಧ್ವಜಾರೋಹಣ. ಪ್ರತಿ ವರ್ಷದ ಹಾಗೆ ದಾವಲ್‌ಬೀಯ ಬಾಗಿಲು ಮುಚ್ಚಿತ್ತು. ಒಲೆಯ ಹೊಗೆ ಇಲ್ಲ. ಪ್ರತಿ ವರ್ಷ ನಾನು ಆ ಬಾಗಿಲನ್ನು ನೋಡಿದ್ದೇನೆ.

“ಮುದುಕಿಗೆ ಝಂಡಾ ಕಂಡ್ರ ಆಗಂಗಿಲ್ಲ,” ಎಂದು ಗುಂಪಿನಲ್ಲಿ ಒಬ್ಬ ಅಂದ. ನಮ್ಮ ಕೇರಿಯವನೇ, ವೀರೇಶ.

“ನಿನಗ ಗೊತ್ತಿಲ್ಲದ್ದು ಮಾತಾಡಬ್ಯಾಡ.”

“ನಿನಗೇನ್ ಗೊತ್ತೈತಿ, ಹೇಳಬೇ ಅಕ್ಕಾ.”

ಹೇಳುವಂತಿರಲಿಲ್ಲ. ಭಾಷಣಕ್ಕೆ ಕರೆದರು, ಗಂಟಲು ಸರಿಯಿಲ್ಲ ಎಂದೆ. ಎಲ್ಲರೂ ಹೋದ ಮೇಲೆ ಅವಳ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತೆ. ಬಡಿಯಲಿಲ್ಲ. ಬಿಸಿಲು ತಲೆಯ ಮೇಲೆ ಬಂದಾಗ ಅವಳೇ ತೆರೆದಳು.

“ಕೇಳಾಕ ಬಂದೀಯೇನು?”

“ಇಲ್ಲಮ್ಮಾ. ಕುಂದ್ರಾಕ ಬಂದೀನಿ.”

ಇಲಾಖೆಯ ಉತ್ತರದ ಸುದ್ದಿ ಅಜೀಮ್‌ನಿಂದ ಅವಳಿಗೆ ಮುಟ್ಟಿತ್ತು. ಒಳಗೆ ಕರೆದಳು. ಇಬ್ಬರೂ ಗೋಡೆಗೆ ಒರಗಿ ಕೂತೆವು. ಅವಳೇ ಕೇಳಿದಳು:

“ಸುಳ್ಳು ಕಾಗದ ಅಂದ್ರಂತ?”

“ಹೂಂ.”

“ನಮ್ಮವ್ವನ ಹೆಸರು ಇದ್ದ ಕಾಗದಕ್ಕ?”

“ಹೂಂ.”

“ಸುಳ್ಳಲ್ಲ. ಆದರ ತಪ್ಪು ಐತಿ ಅದರಾಗ. ಹನ್ನೊಂದು ಅಂತ ಬರದಾರ. ನೀ ಹೆಂಗ ತಿದ್ದತೀ? ನೀ ಇದ್ದಿಲ್ಲ ಅಲ್ಲಿ.” ಎದ್ದು ಗಡಿಗೆಯಿಂದ ನೀರು ಕೊಟ್ಟಳು. “ನಾ ಬರ್ತೀನಿ ಲಿಂಗಸುಗೂರಿಗೆ. ಆಟೋ ಅಜೀಮಂದು, ಬಾಡಿಗಿ ಕೇಳಿದ್ರ ಕಪಾಳಕ್ಕ ಹೊಡೀತೀನಿ.”

ಸೆಪ್ಟೆಂಬರ್ 24, ಬುಧವಾರ. ಲಿಂಗಸುಗೂರು

ಬರೆದಿಡಬೇಕು, ಆದದ್ದು ಆದ ಹಾಗೆ.

ಸಾಹೇಬರ ಮುಂದೆ ಮೊದಲು ನಾನು ಎದ್ದೆ. ಕರಪತ್ರದಲ್ಲಿನ 1939 ತಪ್ಪು, ಲೆಕ್ಕ ಹಾಕಿದ್ದು ನಾನು, ಇದು ಫಸಲಿ ವರ್ಷ, ಜನವರಿ 1949 ಎಂದೆ. ತಿಂಗಳ ಹೆಸರು ತೋರಿಸಿದೆ. ಕಹಕಶಾ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಜಾತಿ ಸಮೀಕ್ಷೆಯ ಡ್ಯೂಟಿಯ ಚೀಲ ಇನ್ನೂ ಹೆಗಲಲ್ಲೇ ಇತ್ತು. ಎರಡೂ ಹಾಳೆ ಓದಿದಳು. ಹನ್ನೊಂದು ಹೆಸರಿಗೂ ದನಿ ಇಳಿಸಲಿಲ್ಲ. ನಮ್ಮ ಜೊತೆ ಬಂದಿದ್ದ ಬಜಾರಿನ ಇಬ್ಬರು ಎದ್ದು ಹೊರಗೆ ಹೋದರು.

ಇಲಾಖೆಯ ವಕೀಲರು ನಗುತ್ತ ಎದ್ದರು. “ಸ್ವಾಮಿ, ಅವರೇ ಒಪ್ಪಿಕೊಂಡ ಹಾಗಾಯಿತು. ಇದು ಸಂತ್ರಸ್ತ ಮುಸ್ಲಿಂ ವಿಧವೆಯರಿಗೆ ಕೊಟ್ಟ ಜಾಗ. ಅರ್ಜಿದಾರರು ಅರವತ್ತು ಜನ ಮಾದಿಗರು. ಇವರಿಗೂ ಇದಕ್ಕೂ ಏನು ಸಂಬಂಧ?”

ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಬೆಂಚಿನಿಂದ ದಾವಲ್‌ಬೀ ಎದ್ದಳು. ಗೋಡೆ ಹಿಡಿದುಕೊಂಡೇ ಬಂದಳು.

“ಸಂಬಂಧ ನಾ ಹೇಳ್ತೀನ್ರಿ ಸಾಹೇಬರ. ನಾ ಮೂರನೇ ಹೆಸರಿನಾಕಿ ಮಗಳು. ಈಕಿ ಮುತ್ತಜ್ಜಿ ವೀರಭದ್ರಮ್ಮ ನಮ್ಮನ್ನ ತೊಗಲಿನ ಕೆಳಗ ಮುಚ್ಚಿಟ್ಟು ಉಳಿಸಿದ್ಲು. ಈ ವಕೀಲರ ಮುತ್ಯಾ ಬಂದು ಬಚ್ಚಿಟ್ಟಿದ್ನೇನು? ಏಳು ಗುಡಿಸಲ ಅಂತ ಬರದೈತಿ, ಆ ಏಳು ಇಲ್ಲದಿದ್ರ ಹನ್ನೊಂದೂ ಇರತಿದ್ದಿಲ್ಲ. ಹನ್ನೊಂದಲ್ಲ, ಹನ್ನೆರಡು. ಅದನ್ನ ತಿದ್ದಿ ಬರಕೊಳ್ರಿ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಹನ್ನೆರಡನೆಯವರ ಹೆಸರೇನಮ್ಮ?”

“ಗೊತ್ತಿಲ್ರಿ,” ಎಂದಳು. “ಸೊಸಿ ಅಂತಿದ್ರು. ನಾ ಸಣ್ಣಾಕಿ.” ಅಷ್ಟು ಹೊತ್ತು ನೆಟ್ಟಗಿದ್ದವಳು ಅಲ್ಲಿ ಸೋತಳು. ನಾನೂ ಕಹಕಶಾಳೂ ಎರಡೂ ಕಡೆ ಹಿಡಿದು ಕೂರಿಸಿದೆವು.

ಆದೇಶ: ಮೂಲ ಕಡತವನ್ನು ಹಾಜರುಪಡಿಸಬೇಕು. ಅಧಿಕೃತ ಅನುವಾದ ಆಗಬೇಕು. ದಾವಲ್‌ಬೀಯವರ ಹೇಳಿಕೆಯನ್ನು ಪ್ರಮಾಣ ಮಾಡಿಸಿ ದಾಖಲಿಸಬೇಕು. ಅಲ್ಲಿಯವರೆಗೆ ತೆರವು ಇಲ್ಲ.

ಗೆಲುವಲ್ಲ. ಜೆಸಿಬಿ ಇನ್ನೂ ಗೇಟಿನಲ್ಲಿದೆ, ಎಂಜಿನ್ ಆಫ್ ಮಾಡಿದ್ದಾರೆ ಅಷ್ಟೆ.

ಹೊರಗೆ ಅಮರಗುಂಡಪ್ಪಣ್ಣ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ನನ್ನನ್ನು ದಾಟಿ ದಾವಲ್‌ಬೀಯ ಮುಂದೆ ಬಂದು, “ಅಮ್ಮಾ, ನಮ್ಮ ಮುತ್ಯಾಂದೂ ಒಂದು ಹೇಳೂದೈತಿ” ಎಂದ.

“ಹೇಳಪ್ಪಾ,” ಎಂದಳು ಅವಳು. “ಬ್ಯಾಡ ಅಂದವರ್‍ಯಾರು?”

ಸೆಪ್ಟೆಂಬರ್ 28, ಭಾನುವಾರ. ಹಳೇಬಾವಿ

ಸಭೆ ನಡೆಯಿತು. ಬಜಾರಿನವರು ಬರಲಿಲ್ಲ. ಗೊರೇಬಾಳದಿಂದ ನಾಲ್ಕು ಜನ ಬಂದರು. ಅಜೀಮ್‌ನ ಆಟೋ ಹತ್ತುವವರು ಕಡಿಮೆಯಾಗಿದ್ದಾರೆ. ನಮ್ಮ ಹೆಂಗಸರು ಗದ್ದೆಯ ಕಳೆ ತೆಗೆಯಲು ಹೋಗುವಾಗ ಅದರಲ್ಲೇ ಹೋಗುವುದೆಂದು ಮಾತಾಯಿತು.

ವೀರೇಶ ಕೇಳಿದ: “ಅಕ್ಕಾ, ಸೋತ್ರ?”

“ಸೋತ್ರೂ ಹೆಸರು ಹೋಗಂಗಿಲ್ಲ, ಎರಡೂ ಹಾಳಿ ಈಗ ಅವರ ಫೈಲಿನಾಗ ಅದಾವ,” ಎಂದೆ. ಮತ್ತೆ, “ಆದರ ಸೋಲಬಾರದು,” ಎಂದೆ.

ತೀರ್ಮಾನಗಳು. ಹಳೆಯ ಕರಪತ್ರ ವಾಪಸು. ತಪ್ಪು ಏನೆಂದು ಅಚ್ಚು ಹಾಕಿ ಹಂಚುವುದು. ಹೊಸ ಅರ್ಜಿಯಲ್ಲಿ ಮೊದಲ ಹೆಬ್ಬೆಟ್ಟು ದಾವಲ್‌ಬೀಯದು. ಹನ್ನೆರಡನೆಯವಳಿಗೆ ಒಂದು ಸಾಲು ಖಾಲಿ ಬಿಡುವುದು. ಅವಳ ಹೆಸರು ಕೇಳಿಕೊಂಡು ಬರಲು ನಾನೂ ಕಹಕಶಾಳೂ ಹಟ್ಟಿಗೆ ಹೋಗುವುದು, ಅಲ್ಲಿ ಪಿಂಜಾರರ ಮನೆಗಳಿವೆ. ಅಮರಗುಂಡಪ್ಪಣ್ಣನ ಮುತ್ಯಾನ ಕಾಲು, ಹಗೇವು, ಅದನ್ನೂ ಬರೆದುಕೊಳ್ಳುವುದು. ಹೇಳುವವರು ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಬಾರದು, ನಾನು ಸೇರಿ.

ಮುಂದಿನ ಸಭೆ ಎಂದಿನಂತೆ ಹನ್ನೊಂದಕ್ಕೆ ಎಂದಾಗ ಹೆಂಗಸರು ಬೈದರು: “ಹನ್ನೊಂದಕ್ಕ ನಾವು ಕೆಸರಿನಾಗ ಇರ್ತೀವಿ, ನೀವು ನೀವ ಮಾತಾಡಿಕೊಳ್ರಿ.” ಬದಲಾಯಿಸಿದೆವು.

ದಾವಲ್‌ಬೀಯ ಅಂಗಳ. ಅಕ್ಟೋಬರ್ 5, ಭಾನುವಾರ, ಸಂಜೆ ಏಳು ಗಂಟೆ.